ಆರ್‌ಸಿ ಮತ್ತು ಮೂಲ ಊರಿನ ಹೆಣ್ಣುಮಕ್ಕಳ ಜಂಟಿ ರೊಟ್ಟಿ ಘಟಕ, ಜೊತೆಗೆ ಕಾಳಜಿ ಕೇಂದ್ರದ ಜವಾಬ್ದಾರಿ: ಸಂಘ ಒಂದೇ ಇರಲೋ, ಬೇರೆ ಬೇರೆಯೋ?

ಹಿನ್ನೀರದಂಡಿ (ಬೀಳಗಿ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ ರೀ. ಆಲಮಟ್ಟಿ ಹಿನ್ನೀರಿನ ದಂಡಿಯಲ್ಲಿ ಮುಳುಗಡೆಯವರ ಒಂದು ಪುನರ್ವಸತಿ ಕೇಂದ್ರ (ಆರ್‌ಸಿ), ಅದರ ಮಗ್ಗಲಿಗೇ ಮೊದಲಿಂದಲೂ ಇಲ್ಲೇ ಇರುವ ಮೂಲ ಊರು. ಎರಡಕ್ಕೂ ಪಂಚಾಯ್ತಿ ಒಂದೇ, ಮಹಿಳಾ ಒಕ್ಕೂಟವೂ ಒಂದೇ. ಸ್ವಸಹಾಯ ಸಂಘಗಳು ಮಾತ್ರ ಆರ್‌ಸಿಯವು ಬೇರೆ, ಊರಿನವು ಬೇರೆ. ಊರವರ ತಕರಾರು, "ಮುಳುಗಡೆ ಮಂದಿಗೇ ಎಲ್ಲಾ ಯೋಜನೆ ಹೋಗ್ತಾವ". ಆರ್‌ಸಿಯವರ ತಕರಾರು, "ಒಕ್ಕೂಟದಾಗ ಊರವರದೇ ದರ್ಬಾರು".

ಈಗ ಎರಡು ಕೆಲಸ ಮುಂದಿವೆ. ಒಂದು, ದಿನಕ್ಕೆ 500 ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಮಾಡುವ ಘಟಕ. ಎರಡು, ಹೊಳೆ ಏರಿದಾಗ ಆರ್‌ಸಿ ಶಾಲೆಯಲ್ಲಿ ಕಾಳಜಿ ಕೇಂದ್ರ, ಅಂದರೆ ನೆರೆ ಸಂತ್ರಸ್ತರ ಶಿಬಿರ, ತೆರೆಯುತ್ತಾರೆ. ಅಲ್ಲಿ ಹೆಂಗಸರು, ಮಕ್ಕಳ ವ್ಯವಸ್ಥೆಯನ್ನು ಒಕ್ಕೂಟವೇ ನೋಡಿಕೊಳ್ಳಲಿ ಎಂದು ಪಿಡಿಓ ಹೇಳಿದ್ದಾರೆ.

ತಿಳಿದವರು ಹೇಳಬೇಕಾದದ್ದು: ಎರಡೂ ಕಡೆಯವರನ್ನು ಬೆರೆಸಿ ಹೊಸ ಸಂಘ ಕಟ್ಟಬೇಕೇ? ಬಂಡವಾಳ ಎಲ್ಲಿಂದ ತರಬೇಕು? ರೊಟ್ಟಿಯಲ್ಲಿ ಎಲ್ಲಿ ಕೈ ಸುಡುತ್ತದೆ? ಕಾಳಜಿ ಕೇಂದ್ರದಲ್ಲಿ ಮೊದಲ ದಿನ ಏನೇನು ಆಗಿರಲೇಬೇಕು?

ದಫ್ತರದಕ್ಕ (ಮುಧೋಳ):

ಉಳಿತಾಯದ ಸಂಘ ಬೆರೆಸಬೇಡಿ. ದುಡಿಯುವ ಘಟಕ ಬೆರೆಸಿ. ಈ ಎರಡನ್ನೂ ಒಂದೇ ಎಂದುಕೊಂಡು ಹೊರಟಲ್ಲೇ ಹೆಚ್ಚಿನ ಜಂಟಿ ಪ್ರಯತ್ನಗಳು ಒಡೆಯುತ್ತವೆ.

ಸಂಘದೊಳಗಿನ ಸಾಲಕ್ಕೆ ಆಧಾರ ಇರುವುದಿಲ್ಲ. ಅಕ್ಕಪಕ್ಕದ ಮನೆಯವಳ ಬಾಳ್ವೆ ಗೊತ್ತಿರುವುದೇ ಅದರ ಜಾಮೀನು. ಮೈರಾಡ ಸಂಸ್ಥೆ ಹುಟ್ಟಿದ್ದೇ 1968ರಲ್ಲಿ, ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆ. ಅದೇ ಸಂಸ್ಥೆ 80ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಸಂಘ ಕಟ್ಟುವಾಗ ಒಂದು ವಿಷಯ ಪಟ್ಟಾಗಿ ಹಿಡಿಯಿತು: ಯಾರು ಯಾರೊಡನೆ ಕೂರಬೇಕು ಎನ್ನುವುದನ್ನು ಹೆಂಗಸರೇ ಆರಿಸಬೇಕು, ಅಧಿಕಾರಿ ಪಟ್ಟಿ ಮಾಡಿ ಕೂರಿಸಬಾರದು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿದ್ದೂ ಈ ಅನುಭವದ ಮೇಲೆಯೇ. ಆದ್ದರಿಂದ ಈಗಿರುವ ಸಂಘಗಳು ಇದ್ದಂತೆಯೇ ಇರಲಿ.

ಒಕ್ಕೂಟದ ಕೆಳಗೆ 14 ಮಂದಿಯ ಒಂದು ಉತ್ಪಾದಕರ ಗುಂಪು ಮಾಡಿ, 7 ಜನ ಆರ್‌ಸಿಯಿಂದ, 7 ಜನ ಊರಿಂದ. ಸಭೆಯಲ್ಲಿ ಠರಾವು ಬರೆಯುವಾಗ ಇವಿಷ್ಟು ಬಿಡದೆ ಬರಲಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯ, ಒಬ್ಬಳು ಆರ್‌ಸಿ, ಒಬ್ಬಳು ಊರು. ಅಧ್ಯಕ್ಷೆ ಒಂದು ಕಡೆಯವಳಾದರೆ ಲೆಕ್ಕದ ಪುಸ್ತಕ ಇನ್ನೊಂದು ಕಡೆ, ವರ್ಷಕ್ಕೊಮ್ಮೆ ಅದಲುಬದಲು. ಪುಸ್ತಕ ಯಾರ ಮನೆಗೂ ಹೋಗಕೂಡದು, ಘಟಕದ ಕಪಾಟಿನಲ್ಲೇ ಇರಬೇಕು. ಜಗಳ ಹುಟ್ಟುವುದು ದುಡ್ಡಿಗಿಂತ ಹೆಚ್ಚಾಗಿ "ಪುಸ್ತಕ ನಮಗೆ ತೋರಿಸಲಿಲ್ಲ" ಎನ್ನುವುದರಿಂದ.

ಬಂಡವಾಳದ ವಿಷಯ. ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಸುತ್ತು ನಿಧಿ ಮತ್ತು ಸಮುದಾಯ ಬಂಡವಾಳ ನಿಧಿ ಪಂಚಸೂತ್ರ ಪಾಲಿಸುವ ಸಂಘಗಳಿಗೆ ಬರುತ್ತವೆ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಹೊತ್ತಿಗೆ ಮರುಪಾವತಿ, ಅಂದಂದಿನ ಲೆಕ್ಕ. ಶ್ರೇಣೀಕರಣದಲ್ಲಿ ಪಾಸಾದ ಸಂಘಕ್ಕೆ ಬ್ಯಾಂಕ್ ಸಾಲ 10 ಲಕ್ಷದವರೆಗೆ ಆಧಾರವಿಲ್ಲದೆ ಸಿಗಬೇಕು, ರಿಸರ್ವ್ ಬ್ಯಾಂಕಿನ ನಿಯಮ ಅದು. ಮ್ಯಾನೇಜರ್ ಮನೆ ಉತಾರ ಕೇಳಿದರೆ ಈ ನಿಯಮವನ್ನೇ ಮುಂದಿಡಿ. ಆರ್‌ಸಿ ಮನೆಗಳಲ್ಲಿ ಹಕ್ಕುಪತ್ರ ಕೈಯಲ್ಲಿದ್ದರೂ ಇ-ಸ್ವತ್ತಿನ ನಮೂನೆ 9, 11 (ಪಂಚಾಯ್ತಿಯ ಆಸ್ತಿ ದಾಖಲೆ) ಆಗದವು ಬಹಳ. ಅದೇ ನೆಪದಲ್ಲಿ ಊರ ಸಂಘಕ್ಕೆ ಸಾಲ ಕೊಟ್ಟು ಆರ್‌ಸಿ ಸಂಘವನ್ನು ವಾಪಸು ಕಳಿಸಿದರೆ ನಿಮ್ಮ ಜಂಟಿ ಘಟಕ ಅಂದೇ ಮುಗಿಯಿತು.

ಆಹಾರ ಘಟಕಕ್ಕೆ ಪಿಎಂಎಫ್‌ಎಂಇ ಇದೆ, ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದೇ ಇರುವ ಕೇಂದ್ರದ ಯೋಜನೆ. ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳ, ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣ ಸಲಕರಣೆಗೆ. ಯಂತ್ರಕ್ಕೆ ಸಾಲ ತೆಗೆದರೆ ಕೇಂದ್ರದ್ದು 35% ಸಹಾಯಧನ, ಅದರ ಮೇಲೆ ಕರ್ನಾಟಕದ್ದು 15%. ರಾಜ್ಯದಲ್ಲಿ ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ನೋಡಿಕೊಳ್ಳುತ್ತದೆ. ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ಹತ್ತಿರ ಯೋಜನೆ ಈಗಲೂ ನಡೆದಿದೆಯೇ, ಆ ವರ್ಷದ ಗುರಿ ಉಳಿದಿದೆಯೇ ಎಂದು ವಿಚಾರಿಸಿಯೇ ಅರ್ಜಿಗೆ ಕೈ ಹಾಕಿ.

ಒಂದು ಎಚ್ಚರಿಕೆ. ಘಟಕಕ್ಕೆ ದುಡ್ಡು ಬೇಕೆಂದು ಯಾವುದೋ ಒಂದು ಸಂಘದ ಹೆಸರಲ್ಲಿ ಬ್ಯಾಂಕ್ ಸಾಲ ಎತ್ತಿ ಇಡಿಯಾಗಿ ಘಟಕಕ್ಕೆ ಹಾಕಬೇಡಿ. ಘಟಕ ಎರಡು ತಿಂಗಳು ನಿಂತರೆ ಆ ಸಂಘದ ಖಾತೆ ಕೆಡುತ್ತದೆ, ಘಟಕಕ್ಕೆ ಕಾಲೇ ಇಡದ ಐದಾರು ಹೆಂಗಸರಿಗೂ ಮುಂದೆ ಸಾಲ ಹುಟ್ಟುವುದಿಲ್ಲ. ಪ್ರತಿ ಸದಸ್ಯೆ ತನ್ನ ಸಂಘದಿಂದ ತನ್ನ ಹೆಸರಲ್ಲಿ ಸಾಲ ತೆಗೆದು ಘಟಕಕ್ಕೆ ಪಾಲು ಹಾಕಲಿ. ಪಾಲು ಎಲ್ಲರದೂ ಸಮ ಇರಲಿ.

ಗೌಡರಮಗಳಲ್ಲ (ಗೋಕಾಕ):

ಬೆರೆಸಬಾರದು ಅನ್ನೋದನ್ನ ಅಷ್ಟು ಗಟ್ಟಿಯಾಗಿ ಹೇಳಬ್ಯಾಡ್ರಿ. ಆರ್‌ಸಿಗೂ ಊರಿಗೂ ಕೊಟ್ಟು ತಂದ ಬೀಗತನ ಇರ್ತಾವ. ಊರಾಗ ಹುಟ್ಟಿ ಆರ್‌ಸಿ ಸೊಸಿ ಆದಾಕಿ ತವರಿನ ಓಣಿ ಸಂಘದಾಗ ಇದ್ರ ಏನು ಕೆಡತೈತಿ? ಅಂಥವರು ಎರಡೂ ಕಡಿ ಮಾತು ದಾಟಿಸೋರು, ಅವರನ್ನ ಘಟಕದ ಲೆಕ್ಕಕ್ಕ ಇಡ್ರಿ.

ಇನ್ನೊಂದು, ಮುಂದಾಳತನ. "ಅವರಿಗೆ ಓದು ಬರಂಗಿಲ್ಲ" ಅಂತ ಹೇಳಿ ಹೊರಗಿನವರನ್ನ ತಂದು ಕೂಡಿಸಬ್ಯಾಡ್ರಿ. ಘಟಪ್ರಭಾದ ಮಾಸ್, ಅಂದ್ರ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, 1997ರಿಂದ ನಡದೈತಿ. ನಡಿಸಿದವರು ಮಾಜಿ ದೇವದಾಸಿಯರೇ. ಅದರ ಸೀತವ್ವ ಜೋಡಟ್ಟಿ ಅವರಿಗೆ 2018ರಾಗ ಪದ್ಮಶ್ರೀ ಬಂತು. ನೊಂದವರ ಕೈಯಾಗ ಸಹಿ ಮಾಡೋ ಅಧಿಕಾರ ಇರಬೇಕು, ಬರೆಯೋ ಕೆಲಸಕ್ಕ ಬೇಕಾದ್ರ ಎಂಬಿಕೆ, ಅಂದ್ರ ಒಕ್ಕೂಟದ ಲೆಕ್ಕ ಬರೆಯೋರು, ಇದ್ದೇ ಇರ್ತಾರ.

ಹಂಚಿನಮ್ಯಾಲಿನರೊಟ್ಟಿ (ಜಮಖಂಡಿ):

ರೊಟ್ಟಿ ಲೆಕ್ಕ ನಾ ಹೇಳ್ತೀನಿ ಕೇಳ್ರಿ.

ಜೋಳ ಹಿಂಗಾರಿ ಬಿಳಿಜೋಳನ ಬೇಕು, ಮಾಲದಂಡಿ ಇದ್ರ ಚಲೋ. ಹೈಬ್ರಿಡ್ ಜೋಳದ ಹಿಟ್ಟು ಜಿಗಿ ಹಿಡಿಯಂಗಿಲ್ಲ, ದಂಡಿ ಸೀಳತೈತಿ. ಸುಗ್ಗ್ಯಾಗ ಕೊಂಡು, ಬಿಸಿಲಿಗೆ ಹಾಕಿ, ಹಲ್ಲಿನಾಗ ಕಡದ್ರ ಕಟ್ ಅನ್ನೂವಷ್ಟು ಒಣಗಿಸಿ ಚೀಲ ಕಟ್ರಿ. ಹಸಿ ಉಳದ್ರ ನುಸಿ ಬೀಳೋದು ಗ್ಯಾರಂಟಿ.

ತೆಳ್ಳಗ ಬಡದ್ರ 1 ಕೆಜಿ ಹಿಟ್ಟಿಗೆ 20ರಿಂದ 24 ಖಡಕ್ ರೊಟ್ಟಿ. 500 ರೊಟ್ಟಿಗೆ ಒಡಕು ಹಿಡದು 25 ಕೆಜಿ ಹಿಟ್ಟು ಅನ್ಕೋರಿ. ತಿಂಗಳಿಗೆ 25 ದಿನ ನಡದ್ರ ಸುಮಾರು ಆರೂಕಾಲು ಕ್ವಿಂಟಲ್ ಜೋಳ. ಹಸನ ಮಾಡುವಾಗ ಹೋಗೋ ಕಸ, ಕಲ್ಲು ಬ್ಯಾರೆ. ಕೈ ಪಳಗಿದಾಕಿ ಒಂದು ಹಂಚಿನ ಮ್ಯಾಲ ತಾಸಿಗೆ 25-30 ರೊಟ್ಟಿ ತಗೀತಾಳ. ಅಂದ್ರ 4 ಹಂಚು, ಐದು ತಾಸು, ಮ್ಯಾಲ ಒಣಗಿಸಾಕ, ಕಟ್ಟಾಕ ಇಬ್ಬರು. ಹದಿನಾಲ್ಕೂ ಮಂದಿ ಒಮ್ಮೆಗೇ ಬಂದು ಕುಂತ್ರ ಕೂಲಿ ಗಿಟ್ಟಂಗಿಲ್ಲ. ಎರಡು ಪಾಳಿ ಮಾಡ್ರಿ, ಒಂದೊಂದು ಪಾಳಿಯೊಳಗ ಎರಡೂ ಕಡಿಯವರು ಇರಬೇಕು. ಆರ್‌ಸಿ ಪಾಳಿ, ಊರ ಪಾಳಿ ಅಂತ ಬ್ಯಾರೆ ಮಾಡಿದ್ರ ಒಡಕು ರೊಟ್ಟಿ ಯಾರವು ಅನ್ನೋದಕ್ಕ ಜಗಳ ಶುರುವಾಗತೈತಿ.

ಹಿಟ್ಟು ವಾರಕ್ಕೆರಡು ಸಲ ಬೀಸಿಸ್ರಿ. ಜೋಳದ ಮೊಳಕಿಯೊಳಗ ಎಣ್ಣಿ ಅಂಶ ಇರತೈತಿ, ಹಿಟ್ಟು ಹಳಿದಾದಂಗ ಕಹಿ ಆಗತೈತಿ. ಎಸರು ಕುದೀತಿರಬೇಕು, ಹಿಟ್ಟಿನಷ್ಟ ನೀರು ಹೆಚ್ಚುಕಮ್ಮಿ. ಗೋದಿಗೆ ಇರೋ ಜಿಗಿ ಜೋಳಕ್ಕ ಇಲ್ಲ. ಕುದಿ ನೀರಿನಾಗ ಹಿಟ್ಟು ಬೆಂದಾಗಷ್ಟ ಅಂಟು ಬರತೈತಿ. ಉಗುರುಬೆಚ್ಚಗಿನ ನೀರಿಗೆ ನಾದಿದ್ರ ಬಡಿಯುವಾಗ ದಂಡಿ ಬಿರಿತಾವ. ಉಪ್ಪು ಹಾಕಬ್ಯಾಡ್ರಿ. ಉಪ್ಪು ಗಾಳ್ಯಾಗಿನ ಪಸೆ ಎಳಿತೈತಿ, ಮಳಿಗಾಲದಾಗ ರೊಟ್ಟಿ ಲಗೂನ ಮೆತ್ತಗಾಗತೈತಿ.

ಖಡಕ್ ಆಗೋದು ಎರಡನೇ ಸುತ್ತಿನಾಗ. ಬೆಂದ ಮ್ಯಾಲ ಸಣ್ಣ ಉರಿ ಇಲ್ಲಾ ಕೆಂಡದ ಝಳಕ್ಕ ನಿಲ್ಲಿಸಿ ಒಣಗಿಸಬೇಕು. ನಡುಭಾಗ ಒಣಗಿ ದಂಡಿ ಹಸಿ ಉಳಿಯೋದ ಹೆಚ್ಚು. ಬೂಸು ಹಿಡಿಯೋದೂ ಅಲ್ಲೇ. ಪರೀಕ್ಷೆ ಸರಳ ಐತಿ. ಪೂರಾ ಆರಿದ ಒಂದು ರೊಟ್ಟಿನ ಪ್ಲಾಸ್ಟಿಕ್ ಚೀಲಕ್ಕ ಹಾಕಿ ಬಾಯಿ ಕಟ್ಟಿ ತಾಸೊತ್ತು ಬಿಸಿಲಿಗಿಡ್ರಿ. ಒಳಗ ಮಂಜು ಕಟ್ಟಿದ್ರ ಆ ದಿನದ ಮಾಲು ಕಟ್ಟಬ್ಯಾಡ್ರಿ, ಮತ್ತ ಒಣಗಿಸ್ರಿ. ಬಿಸಿ ಇದ್ದಾಗ ಪ್ಯಾಕ್ ಮಾಡೋದಂತೂ ಮಾಲು ಕೆಡಿಸೋ ಸೀದಾ ದಾರಿ. ನೆರಿ ಬಂದಾಗ ಊರೂರಿಂದ ಗಂಟು ಕಟ್ಟಿ ಕಳಿಸಿದ ರೊಟ್ಟಿ ಎರಡು ದಿನಕ್ಕ ಬೂಸು ಹಿಡಿಯೋದೂ ಇದಕ್ಕ.

ಶೇಂಗಾ ಚಟ್ನಿಗೆ ಕಪ್ಪಾದ, ಸುಕ್ಕಿದ, ಬೂಸು ಹತ್ತಿದ ಕಾಳು ಒಂದೂ ಹೋಗಬಾರದು, ಆ ಬೂಸಿನ ವಿಷ ಹುರಿದ್ರೂ ಪೂರಾ ಹೋಗಂಗಿಲ್ಲ. ಗುರೆಳ್ಳು ಎಣ್ಣಿ ಬಿಡೋ ಕಾಳು, ತಿಂಗಳೊಳಗ ಮಾರೂವಷ್ಟ ಕುಟ್ರಿ.

ಆಹಾರ ಸುರಕ್ಷತಾ ನೋಂದಣಿ ಮಾಡಿಸಿ 14 ಅಂಕಿ ನಂಬರ್ ಚೀಟಿ ಮ್ಯಾಲ ಹಾಕ್ರಿ. ತೂಕ, ಮಾಡಿದ ತಾರೀಖು, ಎಂದಿನವರೆಗೆ ತಿನ್ನಬಹುದು, ಬೆಲೆ, ವಿಳಾಸ, ಹಸಿರು ಚುಕ್ಕಿ, ಇವೂ ಬೇಕು. ಗ್ಯಾಸ್ ಅಂದ್ರ 19 ಕೆಜಿ ವಾಣಿಜ್ಯ ಸಿಲಿಂಡರ್. ಮನಿ ಸಿಲಿಂಡರ್ ಇಟ್ಟು ಸಿಕ್ಕಿಬಿದ್ರ ಸಿಲಿಂಡರ್ ಜಪ್ತಿ.

ಕೂಲಿ ರೊಟ್ಟಿ ಎಣಿಸಿ ಕೊಡ್ರಿ, ಹಾಜರಿ ಮ್ಯಾಲ ಬ್ಯಾಡ. ಅಂಗಡಿಯವರು ದುಡ್ಡು ಕೊಡೋದು 15 ದಿನ, ತಿಂಗಳು ತಡ. ಅದಕ್ಕ ಒಂದು ತಿಂಗಳ ಜೋಳ ಮತ್ತ ಒಂದು ತಿಂಗಳ ಕೂಲಿ ಕೈಯಾಗ ಇಟ್ಕೊಂಡ ಶುರುಮಾಡ್ರಿ. ಯಂತ್ರ ಈಗಲೇ ಬ್ಯಾಡ. ಕೈರೊಟ್ಟಿಗೆ ಗಿರಾಕಿ ಗಟ್ಟಿ ಆದಮ್ಯಾಲ ನೋಡಿದ್ರಾತು.

ಹಿನ್ನೀರದಂಡಿ:

ದಫ್ತರದಕ್ಕಾರ, ಹಂಚಿನಕ್ಕಾರ, ಭಾಳ ಉಪಕಾರ ಆತು. ಒಂದು ಅನುಮಾನ. ವಾಣಿಜ್ಯ ಸಿಲಿಂಡರ್ ತುಟ್ಟಿ ಅಂತ ಕೆಲವರು ಕಟ್ಟಿಗೆ ಒಲೆ ಅನ್ನುತ್ತಿದ್ದಾರೆ. ಕಟ್ಟಿಗೆ ಊರವರ ಹೊಲದ ಬದುವಿನಿಂದಲೇ ಬರಬೇಕು. ಕಾಳಜಿ ಕೇಂದ್ರದ ಬಗ್ಗೆಯೂ ಯಾರಾದರೂ ಹೇಳಿ.

ಶಿಬಿರದಲೆಕ್ಕ (ವಿಜಯಪುರ):

ಕಟ್ಟಿಗೆ ಬೇಡ. ವಲಸೆ ಬಂದವರಿಗೂ ಜಾಗ ಕೊಟ್ಟವರಿಗೂ ಮೊದಲು ಕಿಡಿ ಹತ್ತುವುದು ಬಹಳ ಕಡೆ ಉರುವಲಿನಿಂದಲೇ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ರೋಹಿಂಗ್ಯಾ ಶಿಬಿರಗಳ ಸುತ್ತಲ ಕಾಡು ಒಲೆಗೆ ಹೋಗಿ ಸ್ಥಳೀಯರೊಡನೆ ತಿಕ್ಕಾಟವಾಯಿತು. ಕಟ್ಟಿಗೆಗೆ ಹೋದ ಹೆಂಗಸರು, ಹುಡುಗಿಯರ ಮೇಲೆ ಕೈ ಮಾಡುವುದೂ ನಡೆಯಿತು. 2018ರಿಂದ ಅಲ್ಲಿ ಶಿಬಿರದವರಿಗಷ್ಟೇ ಅಲ್ಲ, ಸುತ್ತಲಿನ ಸ್ಥಳೀಯ ಕುಟುಂಬಗಳಿಗೂ ಗ್ಯಾಸ್ ಕೊಡಲು ಶುರುಮಾಡಿದರು. ಉಗಾಂಡಾದಲ್ಲಿ ನಿರಾಶ್ರಿತರಿಗೆಂದು ಬರುವ ನೆರವಿನಲ್ಲಿ ಸುಮಾರು 30% ಸ್ಥಳೀಯರಿಗೆ ಮುಟ್ಟಬೇಕೆಂಬ ತತ್ವವೇ ಇದೆ. ನಿಮ್ಮಲ್ಲಿಯೂ ಆರ್‌ಸಿ ಹೆಸರಲ್ಲಿ ನೀರಿನ ಘಟಕವೋ ಬೀದಿದೀಪವೋ ಬಂದರೆ ಊರ ಕಡೆಗೂ ಒಂದು ನಲ್ಲಿ, ಎರಡು ಕಂಬ ಬರಲಿ ಎಂದು ಒಕ್ಕೂಟವೇ ಮೊದಲು ಠರಾವು ಮಾಡಲಿ. ಊರವರು ಕೇಳಿದ ಮೇಲೆ ಕೊಟ್ಟರೆ ಅದು ಸೋತಂತೆ ಕಾಣುತ್ತದೆ.

ಈಗ ಕಾಳಜಿ ಕೇಂದ್ರ. ವಿಪತ್ತು ನಿರ್ವಹಣಾ ಕಾಯ್ದೆ 2005ರ 12ನೇ ಕಲಮಿನಡಿ ಪರಿಹಾರದ ಕನಿಷ್ಠ ಮಟ್ಟ ಎಂಬುದಿದೆ, ರಾಷ್ಟ್ರೀಯ ಪ್ರಾಧಿಕಾರ ಅದಕ್ಕೆ ಅಂಕಿ ಕೊಟ್ಟಿದೆ. ತಲೆಗೆ ಮೂರೂವರೆ ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು, 30 ಮಂದಿಗೆ ಒಂದು ಶೌಚಾಲಯ, ಹೆಂಗಸರಿಗೆ ಬೇರೆ ಶೌಚ ಮತ್ತು ಸ್ನಾನದ ಜಾಗ. ಸ್ನಾನ, ಒಗೆತ ಎಲ್ಲ ಸೇರಿದರೆ ನೀರು ತಲೆಗೆ 15 ಲೀಟರ್ ಹಿಡಿಯಿರಿ. 200 ಜನ ಬರುತ್ತಾರೆಂದರೆ ದಿನಕ್ಕೆ 3,000 ಲೀಟರ್ ನೀರು, 7 ಶೌಚಾಲಯ. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ತರಗತಿಗೆ 10 ಜನ. ಲೆಕ್ಕ ಹೀಗಿದ್ದರೂ ಕೋಣೆಗೆ 30 ಜನರನ್ನು ತುಂಬುತ್ತಾರೆ. ಈ ಅಂಕಿ ಹಿಡಿದು ಮೇ ತಿಂಗಳಲ್ಲೇ ಪಿಡಿಓಗೆ ಪತ್ರ ಕೊಟ್ಟರೆ ಎರಡನೇ ಕಟ್ಟಡವನ್ನೂ ಪಟ್ಟಿಗೆ ಸೇರಿಸಲು ದಾರಿಯಾಗುತ್ತದೆ. ನೀರು ಬಾಗಿಲಿಗೆ ಬಂದ ರಾತ್ರಿ ಯಾರೂ ಪತ್ರ ಓದುವುದಿಲ್ಲ.

ಶೌಚಾಲಯಗಳಲ್ಲಿ ಹೆಚ್ಚಿನ ಪಾಲು ಹೆಂಗಸರಿಗೆ ಬಿಡಿ. ಅಂತರರಾಷ್ಟ್ರೀಯ ಮಾನದಂಡ ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು ಎನ್ನುತ್ತದೆ. ಏಳರಲ್ಲಿ 5 ಅವರಿಗೆ. ಒಳಗಿನಿಂದ ಹಾಕುವ ಚಿಲಕ, ದಾರಿಗೆ ದೀಪ, ಮುಚ್ಚಳದ ಬುಟ್ಟಿ ಇಲ್ಲದಿದ್ದರೆ ಹೆಂಗಸರು ಕತ್ತಲಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ನಾಲ್ಕನೇ ದಿನಕ್ಕೆ ಉರಿಮೂತ್ರ ಶುರು. ಕರೆಂಟು ಹೋಗುವುದಂತೂ ಖಂಡಿತ, ಅದಕ್ಕೆ ಬ್ಯಾಟರಿ ಇಲ್ಲವೇ ಸೋಲಾರ್ ದೀಪ. ಪ್ಯಾಡ್ ಹಂಚುವುದು ಎಲ್ಲರಿಗೂ ನೆನಪಾಗುತ್ತದೆ. ಬಟ್ಟೆ ಬಳಸುವವರಿಗೆ ಒಗೆದು ಒಣಗಿಸಲು ಮರೆಯಾದ ಹಗ್ಗ ಬೇಕೆಂಬುದು ನೆನಪಾಗುವುದಿಲ್ಲ.

ನೀರಿಗೆ ಬ್ಲೀಚಿಂಗ್ ಪುಡಿ. ಹೊಸ ಪುಡಿಯಾದರೆ 1,000 ಲೀಟರಿಗೆ ಎರಡೂವರೆ ಗ್ರಾಂನಿಂದ ಶುರುಮಾಡಿ. ನೇರ ಟ್ಯಾಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಕನಿಷ್ಠ ಅರ್ಧ ತಾಸು ಬಿಟ್ಟು ಪರೀಕ್ಷಿಸಿ. ಉಳಿದ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇರಬೇಕು. ಕಮ್ಮಿ ಬಂದರೆ ಇನ್ನಷ್ಟು. ಬಾಯಿ ತೆರೆದಿಟ್ಟ ಪುಡಿಗೆ ಕಸುವು ಹೋಗಿರುತ್ತದೆ, ರಾಡಿ ನೀರು ಕ್ಲೋರಿನ್ ನುಂಗುತ್ತದೆ. ಆದ್ದರಿಂದ ಅಳತೆಗಿಂತ ಪರೀಕ್ಷೆಯನ್ನು ನಂಬಿ. ಜಲ ಜೀವನ ಮಿಷನ್‌ನಲ್ಲಿ ಊರಿಗೆ ಐವರು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸುವ ಯೋಜನೆ ಇತ್ತು. ನಿಮ್ಮಲ್ಲಿ ಆ ಐವರು ಯಾರು, ಕಿಟ್ ಯಾರ ಮನೆಯಲ್ಲಿದೆ, ಅದರ ದ್ರಾವಣದ ಅವಧಿ ಮುಗಿದಿದೆಯೇ, ಈಗಲೇ ಹುಡುಕಿ.

ಮೊದಲ ದಿನ ನೋಂದಣಿ ಮೇಜಿನ ಹಿಂದೆ ಇಬ್ಬರು ಹೆಂಗಸರು ಕೂರಲಿ. ಒಂದೇ ಸೂರಿನ ಕೆಳಗೆ ಎರಡು ಒಲೆ ಇದ್ದರೆ ಎರಡು ಕುಟುಂಬವೆಂದೇ ಬರೆಯಿರಿ. ವಿಧವೆ, ಗಂಡ ಬಿಟ್ಟವಳು, ದುಡಿಯಲು ಗಂಡ ಗೋವಾಕ್ಕೆ ಹೋದವಳು ಮಾವನ ಹೆಸರಿನಡಿ ಅಡಗಿಬಿಡುತ್ತಾರೆ. 2019ರ ನೆರೆಯಲ್ಲಿ ತಕ್ಷಣದ ನೆರವು ಮನೆಗೆ 10,000 ರೂಪಾಯಿ ಇತ್ತು. ಪಟ್ಟಿಯಲ್ಲಿ ಒಂದು ಕುಟುಂಬವಾದರೆ ಸಿಗುವುದೂ ಒಂದೇ. ರೇಷನ್ ಕಾರ್ಡ್, ಆಧಾರ್ ನೀರುಪಾಲಾಗಿದ್ದರೂ ಹೆಸರು ಬರೆದುಕೊಳ್ಳಬೇಕು, ದಾಖಲೆ ಆಮೇಲೆ.

ಬಸುರಿಯರ ತಾಯಿ ಕಾರ್ಡ್ ನೋಡಿ ಹೆರಿಗೆ ತಾರೀಖಿನ ಪಟ್ಟಿ ಆಶಾ ಕಾರ್ಯಕರ್ತೆಯ ಜೊತೆ ಮಾಡಿ. ದಿನ ತುಂಬಿದವರನ್ನು ರಸ್ತೆ ಮುಚ್ಚುವ ಮುನ್ನವೇ ತಾಲೂಕು ಆಸ್ಪತ್ರೆ ಕಡೆ ಕಳಿಸಿ. ಹಾಲುಣಿಸಲು ಮರೆ ಕಟ್ಟಿಕೊಡಿ. ದಾನಿಗಳು ತರುವ ಡಬ್ಬಿ ಹಾಲಿನಪುಡಿಯನ್ನು ಎಲ್ಲರಿಗೂ ಹಂಚಲು ಬಿಡಬೇಡಿ, ಕೊಳೆ ನೀರಿನಲ್ಲಿ ಕಲಸಿದ ಪುಡಿಯಿಂದಲೇ ಕೂಸುಗಳಿಗೆ ಭೇದಿ. 112 (ತುರ್ತು), 181 (ಮಹಿಳಾ ಸಹಾಯವಾಣಿ), 1098 (ಮಕ್ಕಳ ಸಹಾಯವಾಣಿ) ನಂಬರ್‌ಗಳನ್ನು ಹೆಂಗಸರ ಶೌಚಾಲಯದ ಒಳಗೋಡೆಗೆ ಬರೆಸಿ, ಹೊರಗಿನ ಫಲಕಕ್ಕಿಂತ ಅಲ್ಲಿ ಓದುವುದು ಸಲೀಸು.

ದನದ ವಿಷಯ ಮರೆತರೆ ಕೇಂದ್ರ ಖಾಲಿ. ಎಮ್ಮೆ ಬಿಟ್ಟು ಯಾವ ಹೆಣ್ಣುಮಗಳೂ ಬರುವುದಿಲ್ಲ. ಬಂದರೂ ಹಾಲು ಹಿಂಡಲು ನೀರು ಹಾಯ್ದು ವಾಪಸು ಹೋಗುತ್ತಾಳೆ. ಶಾಲೆಯ ಹತ್ತಿರವೇ ಎತ್ತರದ ಜಾಗದಲ್ಲಿ ಗೂಟ, ಮೇವು, ನೀರಿನ ತೊಟ್ಟಿ ಇರಬೇಕು. ಇದಕ್ಕೆ ಊರವರ ಕಣ ಕೇಳಿ, ಬಾಡಿಗೆಯನ್ನೋ ಗೊಬ್ಬರವನ್ನೋ ಮೊದಲೇ ಮಾತಾಡಿ ಬರೆದಿಡಿ.

ಮಗ್ಗದಕುಣಿ (ಗುಳೇದಗುಡ್ಡ):

ನದಿ ದಂಡಿಯವರ ಪಟ್ಟಿ ಮಾಡುವಾಗ ನೇಕಾರರ ಮನೆಗೊಂದು ಕಾಲಂ ಹಾಕಿರಿ. ಕುಣಿಮಗ್ಗಕ್ಕೆ ನೀರು ಹೊಕ್ಕರೆ ಹಾಸು, ಹಣಿಗೆ, ಕುಣಿಯ ಗೋಡೆ ಎಲ್ಲ ಹೋಗುತ್ತವೆ, ಆದರೆ ಮನೆ ಬಿದ್ದಿಲ್ಲವೆಂದು ಪಟ್ಟಿಗೆ ಬರುವುದಿಲ್ಲ. ಕಂಡಿಕೆ ಸುತ್ತುವ ಹೆಂಗಸಿನ ಕೂಲಿ ನಿಂತದ್ದಂತೂ ಯಾರ ಲೆಕ್ಕದಲ್ಲೂ ಇಲ್ಲ. ಮಗ್ಗದ ಫೋಟೊ, ನೇಕಾರರ ಗುರುತಿನ ಚೀಟಿ ನಂಬರ್ ಮಳೆಗಾಲಕ್ಕೆ ಮುಂಚೆಯೇ ಒಕ್ಕೂಟದ ಮೊಬೈಲಿನಲ್ಲಿ ಇರಲಿ.

ಹಿನ್ನೀರದಂಡಿ:

ಎಲ್ಲಾ ಬರಕೊಂಡೆ. ಕೊನೆಯದೊಂದು. ಘಟಕಕ್ಕೆ ಆರ್‌ಸಿ ಸಮುದಾಯ ಭವನ ಕೇಳಬೇಕೆಂದಿದ್ದೇವೆ. ನೆರೆ ಬಂದಾಗ ಅದನ್ನೂ ಶಿಬಿರಕ್ಕೆ ತಗೊಂಡರೆ ರೊಟ್ಟಿ ನಿಲ್ಲುತ್ತದಲ್ಲ?

ದಫ್ತರದಕ್ಕ (ಮುಧೋಳ):

ನಿಲ್ಲಬಾರದು, ಆ ಹೊತ್ತಿಗೇ ರೊಟ್ಟಿಗೆ ದೊಡ್ಡ ಗಿರಾಕಿ ಕಾಳಜಿ ಕೇಂದ್ರವೇ. ಮೊದಲು ಭವನ ಪಂಚಾಯ್ತಿಗೆ ಹಸ್ತಾಂತರ ಆಗಿದೆಯೋ, ಇನ್ನೂ ಪುನರ್ವಸತಿ ಇಲಾಖೆಯ ಕೈಯಲ್ಲೇ ಇದೆಯೋ ನೋಡಿ. ಹಸ್ತಾಂತರ ಆಗದ ಕಟ್ಟಡಕ್ಕೆ ಪಂಚಾಯ್ತಿ ಠರಾವು ಕೊಟ್ಟರೆ ವಿದ್ಯುತ್ ಮೀಟರಿನ ಅರ್ಜಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆಗಿದ್ದರೆ ಕರಾರಿನಲ್ಲಿ ಅಡುಗೆ ಕೋಣೆ ಮತ್ತು ಉಗ್ರಾಣ ವರ್ಷವಿಡೀ ಘಟಕಕ್ಕೆ, ಹಾಲ್ ಮಾತ್ರ ನೆರೆಯ ದಿನಗಳಲ್ಲಿ ಶಿಬಿರಕ್ಕೆ ಎಂದು ಬೇರೆ ಬೇರೆಯಾಗಿ ಬರೆಸಿ. ಕಾಳಜಿ ಕೇಂದ್ರಕ್ಕೆ ರೊಟ್ಟಿ ಕೊಡುವ ದರವನ್ನು ತಹಶೀಲ್ದಾರ್ ಕಚೇರಿಯೊಡನೆ ಮುಂಗಡವಾಗಿ ಬರಹದಲ್ಲಿ ಮಾಡಿಕೊಳ್ಳಿ. "ಸೇವೆ" ಎಂದು ಶುರುವಾದ ರೊಟ್ಟಿಗೆ ಆಮೇಲೆ ಬಿಲ್ ಪಾಸಾಗುವುದಿಲ್ಲ.

ಇನ್ನೊಂದು ನಿಯಮವನ್ನೂ ಈಗಲೇ ಸೇರಿಸಿ: ಹೊಸಬರ ಪ್ರವೇಶ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನೂ 20 ಹಳ್ಳಿ ಏಳಬೇಕಾಗುತ್ತದೆ, ನಿಮ್ಮ ಪಕ್ಕಕ್ಕೇ ಮತ್ತೊಂದು ಆರ್‌ಸಿ ಬರಬಹುದು. ಆಗ ಈಗಿನ ಆರ್‌ಸಿಯವರೇ ಮೂಲ ಊರಿನವರಾಗುತ್ತಾರೆ. ಹೊಸ ಸದಸ್ಯೆಯ ಪಾಲು ಎಷ್ಟು, ಎಷ್ಟು ಕಂತಿನಲ್ಲಿ ಕಟ್ಟಬಹುದು, ಬಿಟ್ಟು ಹೋಗುವವಳಿಗೆ ಪಾಲು ಎಷ್ಟು ದಿನದಲ್ಲಿ ವಾಪಸು, ಈ ಮೂರೂ ಉಪನಿಯಮದಲ್ಲಿ ಅಂಕಿ ಸಮೇತ ಇರಲಿ.